ತುಕ್ಕಿನ ಸಾಕ್ಷ್ಯ: ಬಯಲಿನಲ್ಲಿ ನಿಂತ ಲೋಹವೂ ಸಂಖ್ಯಾಶಾಸ್ತ್ರವೂ

೧. ಪ್ರಶ್ನೆಯ ಸ್ವರೂಪ

ದೆಹಲಿಯ ಮೆಹರೌಲಿಯಲ್ಲಿ, ಕುತುಬ್ ಮೀನಾರಿನ ಪ್ರಾಂಗಣದಲ್ಲಿ ನಿಂತಿರುವ ಕಬ್ಬಿಣದ ಸ್ತಂಭವನ್ನು ಕುರಿತು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಪ್ರಚಾರದಲ್ಲಿವೆ. ಅದು ಗುಪ್ತರ ಕಾಲದ್ದು ಎಂಬುದು ಒಂದು; ಅದಕ್ಕೆ ತುಕ್ಕು ಹಿಡಿದಿಲ್ಲ ಎಂಬುದು ಇನ್ನೊಂದು. ಮೊದಲನೆಯ ಮಾತಿಗೆ ಶಾಸನದ ಆಧಾರವಿದೆ. ಸ್ತಂಭದ ಮೇಲಿನ ಬ್ರಾಹ್ಮೀ ಲಿಪಿಯ ಸಂಸ್ಕೃತ ಶಾಸನದಲ್ಲಿ ಬರುವ ಚಂದ್ರನೆಂಬ ಅರಸನನ್ನು ಬಹುಮಂದಿ ವಿದ್ವಾಂಸರು ಎರಡನೆಯ ಚಂದ್ರಗುಪ್ತನೆಂದು ಗುರುತಿಸಿದ್ದಾರೆ. ಎರಡನೆಯ ಮಾತಿಗೆ ಆಧಾರವೇನೆಂಬುದನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಅಷ್ಟಾಗಿ ವಿಚಾರಿಸಿದಂತಿಲ್ಲ.

ಕಣ್ಣಿಗೆ ಕಾಣುವ ಸ್ಥಿತಿಯೇ ಇದಕ್ಕೆ ಆಧಾರ. ಸುಮಾರು ೭ ಮೀಟರು ಉದ್ದದ, ೬ ಟನ್ನಿಗೂ ಮಿಕ್ಕ ತೂಕದ ಈ ಸ್ತಂಭ ಸುಮಾರು ೧,೬೦೦ ವರ್ಷಗಳ ಬಿಸಿಲುಮಳೆಗಳನ್ನು ಸಹಿಸಿ ನಿಂತಿದೆ. ಅದರ ಅಕ್ಷರಗಳನ್ನು ಇಂದಿಗೂ ಓದಬಹುದಾಗಿದೆ. ಪ್ರಾಚೀನ ಭಾರತೀಯರು ತುಕ್ಕು ಹಿಡಿಯದ ಕಬ್ಬಿಣದ ರಹಸ್ಯವನ್ನು ಅರಿತಿದ್ದರು, ಆ ರಹಸ್ಯ ಮುಂದೆ ಲುಪ್ತವಾಯಿತು ಎಂದು ಇದರಿಂದ ಅನೇಕರು ತೀರ್ಮಾನಿಸುತ್ತಾರೆ. ದೆಹಲಿಯ ಒಣಹವೆಯೇ ಇದಕ್ಕೆಲ್ಲ ಕಾರಣ, ಕಮ್ಮಾರರ ಕೌಶಲಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಾದಿಸುವವರೂ ಇದ್ದಾರೆ. ಎರಡು ಪಕ್ಷದವರೂ ಒಂದೇ ವಸ್ತುವನ್ನು ಮುಂದಿಟ್ಟುಕೊಂಡು ವಾದಿಸುವುದರಿಂದ ಈ ವಾದ ಕೊನೆಗಾಣುವುದು ಕಷ್ಟ. ಒಂದೇ ವಸ್ತುವಿನಲ್ಲಿ ಲೋಹದ ಗುಣ ಯಾವುದು, ಹವೆಯ ಗುಣ ಯಾವುದು ಎಂದು ಬೇರ್ಪಡಿಸಿ ಹೇಳಲು ಸಾಧ್ಯವಿಲ್ಲ. ಬೇರ್ಪಡಿಸಬೇಕಾದರೆ ಹಲವು ಲೋಹಗಳನ್ನು ಹಲವು ಸ್ಥಳಗಳಲ್ಲಿ ಹಲವು ವರ್ಷ ಇಟ್ಟು, ಬಂದ ಅಂಕಿಗಳನ್ನು ತುಲನೆ ಮಾಡಬೇಕು.

ಕಳೆದ ಒಂದು ಶತಮಾನದಲ್ಲಿ ವಿಜ್ಞಾನಿಗಳು ಮಾಡಿರುವ ಕೆಲಸ ಇದೇ. ನಾವು ರಸಾಯನಶಾಸ್ತ್ರದಲ್ಲಾಗಲಿ ಲೋಹವಿಜ್ಞಾನದಲ್ಲಾಗಲಿ ಪಾಂಡಿತ್ಯವುಳ್ಳವರಲ್ಲ. ಆದರೆ ಹಳೆಯ ಲೋಹವಸ್ತುಗಳನ್ನು ಸಾಕ್ಷ್ಯವಾಗಿ ಬಳಸುವ ಇತಿಹಾಸಕಾರನಿಗೆ ಆ ಸಾಕ್ಷ್ಯದ ಬೆಲೆಯನ್ನು ಅಳೆಯುವ ಹೊಣೆ ಇದೆ. ಲೋಹವು ತನ್ನ ಪರಿಸರದೊಡನೆ ವರ್ತಿಸಿ ಸವೆಯುವ ಕ್ರಿಯೆಯನ್ನು ಈ ಲೇಖನದಲ್ಲಿ ಲೋಹಕ್ಷಯವೆಂದು ಕರೆದಿದ್ದೇವೆ. ಕಬ್ಬಿಣದ ತುಕ್ಕು, ತಾಮ್ರ ಕಂಚು ಹಿತ್ತಾಳೆಗಳ ಕಿಲುಬು, ಇವೆಲ್ಲ ಅದರ ರೂಪಗಳು. ನಮ್ಮ ನಿದರ್ಶನಗಳು ಮುಖ್ಯವಾಗಿ ಕಬ್ಬಿಣ ಮತ್ತು ಉಕ್ಕಿನವು. ಲೋಹಕ್ಷಯದ ಅಂಕಿಗಳನ್ನು ಹೇಗೆ ಪಡೆಯುತ್ತಾರೆ, ಅವುಗಳಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪ್ರಯೋಗಶಾಲೆಯೂ ಬಯಲೂ

ಒಂದು ಲೋಹ ಎಷ್ಟು ಬೇಗ ಸವೆಯುತ್ತದೆಂದು ತಿಳಿಯಲು ಅದನ್ನು ಆಮ್ಲದಲ್ಲಿ ಅದ್ದಿ ನೋಡುವುದು ಹಿಂದೆ ರೂಢಿಯಲ್ಲಿದ್ದ ಸುಲಭ ಮಾರ್ಗ. ಆದರೆ ಆಮ್ಲದ ಪಾತ್ರೆಯಲ್ಲಿ ಗೆದ್ದ ಲೋಹ ಬಯಲಿನಲ್ಲಿಯೂ ಗೆಲ್ಲುತ್ತದೆಂಬ ಭರವಸೆಯಿಲ್ಲ. ಬಯಲಿನಲ್ಲಿ ಲೋಹದ ಮೇಲೆ ರಾತ್ರಿ ಇಬ್ಬನಿ ಕೂರುತ್ತದೆ, ಹಗಲು ಆರುತ್ತದೆ. ಮಳೆ ಕೆಲವೊಮ್ಮೆ ಉಪ್ಪನ್ನು ತರುತ್ತದೆ, ಕೆಲವೊಮ್ಮೆ ತೊಳೆದು ಒಯ್ಯುತ್ತದೆ. ಹೀಗೆ ನೆನೆದು ಒಣಗುವ ಆವರ್ತನೆಯಲ್ಲಿ ತುಕ್ಕಿನ ಪದರ ಬೆಳೆಯುತ್ತದೆ. ಆ ಪದರವೇ ಕೆಲವು ಮಿಶ್ರಲೋಹಗಳಲ್ಲಿ ಮುಂದಿನ ಸವೆತಕ್ಕೆ ತಡೆಯಾಗಿ ಪರಿಣಮಿಸುತ್ತದೆ. ಪ್ರಯೋಗಶಾಲೆಯ ಪಾತ್ರೆಯಲ್ಲಿ ಇದೊಂದೂ ನಡೆಯುವುದಿಲ್ಲ.

ಹಾಗೆಂದು ಪ್ರಯೋಗಶಾಲೆಯ ಕೆಲಸ ವ್ಯರ್ಥವೆಂದಲ್ಲ. ೧೯೩೦ರ ದಶಕದಲ್ಲಿ ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ ತೋರಿಸಿದ ಸಂಗತಿ ಇಂದಿಗೂ ಆಧಾರಪ್ರಾಯವಾಗಿದೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಕಬ್ಬಿಣ ಅದೇ ಪ್ರಮಾಣದಲ್ಲಿ ಸವೆಯುವುದಿಲ್ಲ. ಗಂಧಕದ ಡೈಆಕ್ಸೈಡು ಬೆರೆತ ಗಾಳಿಯಲ್ಲಿಯೂ ಸಾಪೇಕ್ಷ ಆರ್ದ್ರತೆ ಶೇಕಡಾ ೬೦ನ್ನು ಸಮೀಪಿಸುವವರೆಗೆ ಸವೆತ ಅತ್ಯಲ್ಪ. ಅದನ್ನು ದಾಟಿದೊಡನೆ ಸವೆತ ಥಟ್ಟನೆ ಏರುತ್ತದೆ. ಆದುದರಿಂದ ಒಂದು ಊರಿನ ವಾರ್ಷಿಕ ಸರಾಸರಿ ಆರ್ದ್ರತೆ ನಮಗೆ ಹೆಚ್ಚೇನನ್ನೂ ತಿಳಿಸದು. ವರ್ಷದಲ್ಲಿ ಎಷ್ಟು ಗಂಟೆಗಳ ಕಾಲ ಲೋಹದ ಮೈ ತೇವವಾಗಿತ್ತು ಎಂಬುದೇ ಮುಖ್ಯವಾದ ಲೆಕ್ಕ.

ಬಯಲಿನ ಪರೀಕ್ಷೆಯ ಕ್ರಮ ಸರಳವಾದುದು. ಒಂದೇ ಅಳತೆಯ ತಗಡುಗಳನ್ನು ಶುಚಿಮಾಡಿ, ತೂಗಿ, ಗುರುತು ಹಾಕಿ, ಚೌಕಟ್ಟಿನ ಮೇಲೆ ಓರೆಯಾಗಿ ಆಕಾಶಕ್ಕೆ ಒಡ್ಡುತ್ತಾರೆ. ನಿಯತ ವರ್ಷಗಳ ಬಳಿಕ ಕೆಲವನ್ನು ತೆಗೆದು, ತುಕ್ಕನ್ನು ಮಾತ್ರ ಕರಗಿಸುವ ದ್ರಾವಣದಿಂದ ತೊಳೆದು, ಮತ್ತೆ ತೂಗುತ್ತಾರೆ. ಕಳೆದ ತೂಕವನ್ನು ತಗಡಿನ ವಿಸ್ತೀರ್ಣದಿಂದಲೂ ಲೋಹದ ಸಾಂದ್ರತೆಯಿಂದಲೂ ಭಾಗಿಸಿದರೆ ಮೈಯಿಂದ ಎಷ್ಟು ದಪ್ಪ ಸವೆಯಿತೆಂಬುದು ಸಿಗುತ್ತದೆ. ಈ ದಪ್ಪವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನಿನಲ್ಲಿ ಹೇಳುವುದು ವಾಡಿಕೆ. ಒಂದೇ ತಟ್ಟೆಯಿಂದ ಕತ್ತರಿಸಿ ಪಕ್ಕಪಕ್ಕದಲ್ಲಿಯೇ ಇಟ್ಟ ಎರಡು ತಗಡುಗಳು ಸಹ ಒಂದೇ ಸಮನಾಗಿ ಸವೆಯುವುದಿಲ್ಲ. ಆದಕಾರಣ ಪ್ರತಿಯೊಂದು ಬಗೆಯಲ್ಲಿಯೂ ಹಲವು ತಗಡುಗಳನ್ನು ಇಡುವುದು ಅಗತ್ಯ. ಎರಡು ಮಿಶ್ರಲೋಹಗಳ ನಡುವಣ ಅಂತರ, ಒಂದೇ ಲೋಹದ ತಗಡುಗಳ ನಡುವಣ ಅಂತರಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲು ಅಧಿಕಾರವುಂಟು. ಸಂಖ್ಯಾಶಾಸ್ತ್ರದ ಮೊದಲ ಪಾಠ ಇದು.

೧೯೧೬ರಲ್ಲಿ ಅಮೆರಿಕದ ಪದಾರ್ಥ ಪರೀಕ್ಷಾ ಸಂಸ್ಥೆಯವರು ಪಿಟ್ಸ್‌ಬರ್ಗ್, ಫೋರ್ಟ್ ಶೆರಿಡನ್, ಅನಾಪೊಲಿಸ್ ಎಂಬ ಮೂರು ಸ್ಥಳಗಳಲ್ಲಿ ತಾಮ್ರ ಬೆರೆತ ಮತ್ತು ತಾಮ್ರವಿಲ್ಲದ ಉಕ್ಕಿನ ತಗಡುಗಳನ್ನು ಹೀಗೆ ಒಡ್ಡಿದರು. ಉಕ್ಕಿನಲ್ಲಿ ಅತ್ಯಲ್ಪ ಪ್ರಮಾಣದ ತಾಮ್ರವಿದ್ದರೂ ಬಯಲಿನಲ್ಲಿ ಅದರ ಬಾಳಿಕೆ ಹೆಚ್ಚುತ್ತದೆಂಬುದು ಇಂಥ ಪರೀಕ್ಷೆಗಳಿಂದ ಸ್ಥಿರಪಟ್ಟಿತು. ಅದೇ ಸಂಸ್ಥೆಯವರು ಅಂಥ ತಗಡುಗಳನ್ನು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದಾಗ ತಾಮ್ರದಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ಒಂದೇ ಮಿಶ್ರಲೋಹ ಗಾಳಿಯಲ್ಲಿ ಉತ್ತಮ, ನೀರಿನಲ್ಲಿ ಸಾಮಾನ್ಯ. ‘ಈ ಲೋಹ ತುಕ್ಕು ತಡೆಯುತ್ತದೆ’ ಎಂಬ ವಾಕ್ಯ, ಎಲ್ಲಿ ಎಂಬ ಪದ ಸೇರುವವರೆಗೆ ಅಪೂರ್ಣವೆಂಬುದು ಇದರಿಂದ ವಿದಿತವಾಗುತ್ತದೆ.

೩. ಕಾಲದ ಲೆಕ್ಕ

ಮೊದಲ ವರ್ಷ ಸವೆದಷ್ಟೇ ಮುಂದಿನ ಪ್ರತಿ ವರ್ಷವೂ ಸವೆಯುತ್ತದೆಯೆ? ಅನೇಕ ಸ್ಥಳಗಳ ಅಂಕಿಗಳನ್ನು ಪರಿಶೀಲಿಸಿದವರು ಒಂದು ಸಾಮಾನ್ಯ ನಿಯಮವನ್ನು ಕಂಡುಕೊಂಡಿದ್ದಾರೆ. ಒಟ್ಟು ಸವೆತವೆಂದರೆ ಮೊದಲ ವರ್ಷದ ಸವೆತವನ್ನು ವರ್ಷಗಳ ಸಂಖ್ಯೆಯ ಒಂದು ಘಾತದಿಂದ ಗುಣಿಸಿದಷ್ಟು. ಸವೆತ ಮತ್ತು ಕಾಲ ಎರಡರ ಲಾಗರಿದಮ್ಮುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯಲ್ಲಿ ಬರುತ್ತವೆ. ಆ ರೇಖೆಯ ಇಳಿಜಾರೇ ನಾವು ಹೇಳಿದ ಘಾತ. ತುಕ್ಕಿನ ಪದರ ಯಾವ ರಕ್ಷಣೆಯನ್ನೂ ಕೊಡದಿದ್ದರೆ ಘಾತ ೧ಕ್ಕೆ ಹತ್ತಿರವಾಗುತ್ತದೆ. ಪದರ ದಪ್ಪವಾದಂತೆ ಅದರ ಮೂಲಕ ನೀರು, ಆಮ್ಲಜನಕಗಳು ಸಾಗುವುದು ಕಷ್ಟವಾದರೆ ಘಾತ ಅರ್ಧದ ಸಮೀಪಕ್ಕೆ ಇಳಿಯುತ್ತದೆ.

ಈ ನಿಯಮವನ್ನು ದೀರ್ಘಕಾಲಕ್ಕೆ ಅನ್ವಯಿಸುವಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಒಂದು ಉದಾಹರಣೆಯ ಲೆಕ್ಕದಿಂದ ತೋರಿಸಬಹುದು. ಮೊದಲ ವರ್ಷದಲ್ಲಿ ೨೦ ಮೈಕ್ರಾನು ಸವೆಯುವ ಒಂದು ಕಬ್ಬಿಣವನ್ನು ಕಲ್ಪಿಸಿಕೊಳ್ಳೋಣ. ಘಾತ ೧ ಆದರೆ ೧೬ ವರ್ಷಗಳಲ್ಲಿ ೩೨೦ ಮೈಕ್ರಾನೂ, ಘಾತ ಅರ್ಧವಾದರೆ ೮೦ ಮೈಕ್ರಾನೂ ಸವೆಯುತ್ತದೆ. ಈ ಲೆಕ್ಕವನ್ನು ೧,೬೦೦ ವರ್ಷಗಳಿಗೆ ಎಳೆದರೆ ಮೊದಲನೆಯದರಲ್ಲಿ ೩೨ ಮಿಲಿಮೀಟರು, ಎರಡನೆಯದರಲ್ಲಿ ೦.೮ ಮಿಲಿಮೀಟರು ಬರುತ್ತದೆ. ಲೋಹಕ್ಷಯದ ಅಂತರರಾಷ್ಟ್ರೀಯ ಮಾನಕವಾದರೋ ಈ ಘಾತನಿಯಮವನ್ನು ೨೦ ವರ್ಷಗಳವರೆಗೆ ಮಾತ್ರ ಒಪ್ಪಿ, ಅಲ್ಲಿಂದ ಮುಂದೆ ಸವೆತ ಒಂದೇ ದರದಲ್ಲಿ ಸಾಗುವುದೆಂದು ಎಣಿಸಲು ಸೂಚಿಸುತ್ತದೆ. ಆ ಸೂಚನೆಯಂತೆ, ಘಾತ ಅರ್ಧವೆಂದೇ ಹಿಡಿದು ಲೆಕ್ಕಹಾಕಿದರೆ ೧,೬೦೦ ವರ್ಷಗಳ ಸವೆತ ಸುಮಾರು ೩.೬ ಮಿಲಿಮೀಟರು ಆಗುತ್ತದೆ.

ಮೂರೂ ಲೆಕ್ಕಗಳಲ್ಲಿ ಮೊದಲ ವರ್ಷದ ಅಂಕಿ ಒಂದೇ. ಆದರೂ ಮೊದಲ ಉತ್ತರದಂತೆ ಶಾಸನದ ಅಕ್ಷರಗಳು ಎಂದೋ ಅಳಿಸಿಹೋಗಿರಬೇಕು. ಇನ್ನೊಂದರಂತೆ ಅವು ಉಳಿದಿರುವುದರಲ್ಲಿ ಸೋಜಿಗವೇನೂ ಇಲ್ಲ. ಹದಿನೈದಿಪ್ಪತ್ತು ವರ್ಷಗಳ ಅಂಕಿಗಳಿಂದ ಸಾವಿರಾರು ವರ್ಷಗಳ ಕತೆಯನ್ನು ಹೇಳುವಾಗ ಉತ್ತರವನ್ನು ನಿರ್ಣಯಿಸುವುದು ಬಹುಮಟ್ಟಿಗೆ ನಾವು ಆರಿಸಿಕೊಂಡ ನಿಯಮವೇ ಹೊರತು ಅಳೆದ ಅಂಕಿಯಲ್ಲ. ವಿಜ್ಞಾನಿಗಳು ಈ ಮಿತಿಯನ್ನು ಬಲ್ಲರು. ಅವರ ಅಂಕಿಗಳನ್ನು ಎರವಲು ಪಡೆಯುವ ನಾವೂ ಅದನ್ನು ಮರೆಯಬಾರದು.

೪. ಸಂಯೋಜನೆಯ ಲೆಕ್ಕ

ಮಿಶ್ರಲೋಹದಲ್ಲಿ ಯಾವ ಧಾತು ಎಷ್ಟಿದ್ದರೆ ಸವೆತ ಎಷ್ಟು ತಗ್ಗುತ್ತದೆಂಬುದು ಮುಂದಿನ ಪ್ರಶ್ನೆ. ಇದರಲ್ಲಿ ಮಹತ್ತ್ವದ್ದೆನಿಸಿದ ಅಂಕಿಸಂಗ್ರಹ ಅಮೆರಿಕದ ಲ್ಯಾರಬಿ ಮತ್ತು ಕೋಬರ್ನ್ ಎಂಬುವರದು. ಅವರು ೨೭೦ ಬಗೆಯ ಉಕ್ಕುಗಳನ್ನು ತಯಾರಿಸಿ, ನ್ಯೂಜೆರ್ಸಿಯ ಕಾರ್ನಿ ಎಂಬ ಕೈಗಾರಿಕಾ ಪಟ್ಟಣ, ಪೆನ್ಸಿಲ್ವೇನಿಯದ ಸೌತ್ ಬೆಂಡ್ ಎಂಬ ಗ್ರಾಮಾಂತರ ಪ್ರದೇಶ, ಉತ್ತರ ಕರೊಲಿನದ ಕ್ಯೂರಿ ಬೀಚ್ ಎಂಬ ಕಡಲತೀರ, ಹೀಗೆ ಮೂರು ಕಡೆಗಳಲ್ಲಿ ಹದಿನೈದೂವರೆ ವರ್ಷ ಒಡ್ಡಿ, ಫಲಿತಾಂಶಗಳನ್ನು ೧೯೬೦ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ೧೯೭೪ರಲ್ಲಿ ಲೆಗೋ ಮತ್ತು ಲೆಕಿ ಎಂಬುವರು ಈ ಅಂಕಿಗಳಿಗೆ ಸರಿಹೊಂದುವ ಸಮೀಕರಣಗಳನ್ನು ರಚಿಸಿದರು. ಸಂಖ್ಯಾಶಾಸ್ತ್ರದಲ್ಲಿ ಈ ಕ್ರಮಕ್ಕೆ ರಿಗ್ರೆಷನ್ ಎಂದು ಹೆಸರು. ಅಳೆದ ಸವೆತಕ್ಕೂ ಸಮೀಕರಣ ಹೇಳುವ ಸವೆತಕ್ಕೂ ಇರುವ ವ್ಯತ್ಯಾಸಗಳು ಒಟ್ಟಿನಲ್ಲಿ ಆದಷ್ಟು ಕಡಮೆಯಾಗುವಂತೆ ಪ್ರತಿ ಧಾತುವಿಗೂ ಒಂದು ಗುಣಕವನ್ನು ಕಂಡುಹಿಡಿಯುವುದೇ ಅದರ ತಿರುಳು.

ಕಾರ್ನಿಯ ಅಂಕಿಗಳಿಂದ ದೊರೆತ ಸಮೀಕರಣದಿಂದ ಒಂದು ಸೂಚ್ಯಂಕವನ್ನು ಏರ್ಪಡಿಸಿ ಅಮೆರಿಕದ ಮಾನಕದಲ್ಲಿ ಸೇರಿಸಲಾಗಿದೆ. ಅದರ ರೀತಿ ಹೀಗೆ: ತಾಮ್ರದ ಶೇಕಡಾ ಪ್ರಮಾಣವನ್ನು ೨೬.೦೧ರಿಂದಲೂ, ನಿಕ್ಕಲನ್ನು ೩.೮೮ರಿಂದಲೂ, ಕ್ರೋಮಿಯಮನ್ನು ೧.೨೦ರಿಂದಲೂ, ಸಿಲಿಕಾನನ್ನು ೧.೪೯ರಿಂದಲೂ, ರಂಜಕವನ್ನು ೧೭.೨೮ರಿಂದಲೂ ಗುಣಿಸಿ ಕೂಡಬೇಕು. ಬಂದ ಮೊತ್ತದಿಂದ ತಾಮ್ರ-ನಿಕ್ಕಲುಗಳ ಗುಣಲಬ್ಧದ ೭.೨೯ರಷ್ಟನ್ನೂ, ನಿಕ್ಕಲ್-ರಂಜಕಗಳ ಗುಣಲಬ್ಧದ ೯.೧೦ರಷ್ಟನ್ನೂ, ತಾಮ್ರದ ವರ್ಗದ ೩೩.೩೯ರಷ್ಟನ್ನೂ ಕಳೆಯಬೇಕು. ಉತ್ತರ ೬.೦ ಅಥವಾ ಅದಕ್ಕೂ ಹೆಚ್ಚಾದರೆ, ಬಣ್ಣ ಬಳಿಯದೆ ಬಯಲಿನಲ್ಲಿ ಬಳಸಬಹುದಾದ ಉಕ್ಕೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಈ ಸಂಖ್ಯೆಗಳನ್ನು ಓದಲು ಕಲಿತರೆ ಅವು ಸ್ವಾರಸ್ಯವಾಗಿವೆ. ತಾಮ್ರದಿಂದ ಬರುವ ಪಾಲನ್ನೇ ನೋಡೋಣ. ಶೇಕಡಾ ೦.೧ ತಾಮ್ರಕ್ಕೆ ೨.೨೭ ಅಂಕ, ೦.೨ಕ್ಕೆ ೩.೮೭, ೦.೪ಕ್ಕೆ ೫.೦೬. ಮೊದಲ ಚಿಟಿಕೆಯ ಬೆಲೆ ಎರಡನೆಯ ಚಿಟಿಕೆಗಿಲ್ಲ. ವರ್ಗವನ್ನು ಕಳೆಯುವ ಪದ ಹೇಳುವುದು ಇದನ್ನೇ. ನಿಕ್ಕಲೂ ರಂಜಕವೂ ಬೇರೆ ಬೇರೆಯಾಗಿ ಕೊಡುವ ಲಾಭ ಒಟ್ಟಿಗೆ ಇದ್ದಾಗ ಪೂರ್ತಿಯಾಗಿ ಕೂಡುವುದಿಲ್ಲವೆಂಬುದನ್ನು ಗುಣಲಬ್ಧದ ಪದ ಸೂಚಿಸುತ್ತದೆ. ಒಂದೊಂದು ಧಾತುವನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತ ಹೋಗಿದ್ದರೆ ಈ ಪರಸ್ಪರ ಪ್ರಭಾವ ಬೆಳಕಿಗೆ ಬರುತ್ತಿರಲಿಲ್ಲ. ಗುಣಕಗಳಲ್ಲಿ ತಾಮ್ರದ ತರುವಾಯ ರಂಜಕದ್ದೇ ದೊಡ್ಡದೆಂಬುದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು. ದೆಹಲಿಯ ಸ್ತಂಭದ ವಿಚಾರಕ್ಕೆ ಇದು ನೇರವಾಗಿ ಸಂಬಂಧಿಸಿದೆ.

ಸ್ತಂಭದ ಕಬ್ಬಿಣವನ್ನು ವಿಶ್ಲೇಷಿಸಿ ಹ್ಯಾಡ್‌ಫೀಲ್ಡ್ ೧೯೧೨ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಅದರಲ್ಲಿ ಇಂಗಾಲ ಶೇಕಡಾ ೦.೦೮, ಸಿಲಿಕಾನ್ ೦.೦೪೬, ಗಂಧಕ ೦.೦೦೬, ರಂಜಕ ೦.೧೧೪. ತರುವಾಯದ ವಿಶ್ಲೇಷಣೆಗಳಲ್ಲಿ ರಂಜಕ ಸುಮಾರು ೦.೨೫ರವರೆಗೂ ಕಂಡಿದೆ. ಕುಲುಮೆಯಲ್ಲಿ ಇದ್ದಲಿನಿಂದ ಕಬ್ಬಿಣ ತೆಗೆಯುವಾಗ ಸುಣ್ಣ ಸೇರಿಸದಿದ್ದುದರಿಂದ ಅದಿರಿನ ರಂಜಕ ಲೋಹದಲ್ಲಿ ಉಳಿಯಿತು. ಈಗ ಆ ಸೂಚ್ಯಂಕವನ್ನು ಸ್ತಂಭಕ್ಕೆ ಅನ್ವಯಿಸಿದರೆ ರಂಜಕದಿಂದ ಬರುವ ಅಂಕ ಹ್ಯಾಡ್‌ಫೀಲ್ಡರ ಲೆಕ್ಕದಂತೆ ೧.೯೭, ೦.೨೫ ಎಂದು ಹಿಡಿದರೆ ೪.೩೨. ಎರಡೂ ೬ಕ್ಕಿಂತ ಕಡಮೆ. ಹಾಗಾದರೆ ೧,೬೦೦ ವರ್ಷ ನಿಂತ ಸ್ತಂಭ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತೆ?

ಇಲ್ಲ, ಅನ್ವಯವೇ ಅಕ್ರಮವಾದುದು. ಮೂಲ ಉಕ್ಕುಗಳಲ್ಲಿ ರಂಜಕ ಶೇಕಡಾ ೦.೦೧ರಿಂದ ೦.೧೨ರವರೆಗೆ ಮಾತ್ರ ಇದ್ದಿತು; ೦.೨೫ ಆ ಎಲ್ಲೆಯ ಹೊರಗಿನದು. ಸಿಲಿಕಾನಿನ ಕನಿಷ್ಠ ಎಲ್ಲೆ ೦.೧೦, ಸ್ತಂಭದಲ್ಲಿ ಅದರ ಅರ್ಧದಷ್ಟೂ ಇಲ್ಲ. ಆ ಉಕ್ಕುಗಳು ಕರಗಿಸಿ ಎರಕ ಹೊಯ್ದು ತಗಡಾಗಿಸಿದವು. ಸ್ತಂಭವಾದರೋ ಕಬ್ಬಿಣದ ಮುದ್ದೆಗಳನ್ನು ಕಾಸಿ ಬಡಿದು ಬೆಸೆದುದು, ಅದರೊಳಗೆ ಕಿಟ್ಟದ ಕಣಗಳು ಹರಡಿಕೊಂಡಿವೆ. ಕೊನೆಯದಾಗಿ, ಕಾರ್ನಿಯ ಹೊಗೆ ತುಂಬಿದ ಗಾಳಿ ಬೇರೆ, ಉತ್ತರ ಭಾರತದ ಗಾಳಿ ಬೇರೆ. ಅಂಕಿಗಳಿಂದ ಹುಟ್ಟಿದ ಸಮೀಕರಣಕ್ಕೆ ಆ ಅಂಕಿಗಳ ಸೀಮೆಯೊಳಗೆ ಮಾತ್ರ ಅಧಿಕಾರ. ಒಂದು ರಾಜ್ಯದ ಶಾಸನವನ್ನು ಇನ್ನೊಂದು ರಾಜ್ಯದ ಭೂದಾನಕ್ಕೆ ಪ್ರಮಾಣವಾಗಿ ತರುವುದನ್ನು ನಾವು ಒಪ್ಪದಿರುವಂತೆ ಇದನ್ನೂ ಒಪ್ಪಲಾಗದು. ಸಮೀಕರಣದಿಂದ ನಮಗೆ ದೊರೆಯುವುದು ಒಂದು ದಿಕ್ಕು: ರಂಜಕಕ್ಕೆ ಬಯಲಿನಲ್ಲಿ ಕಬ್ಬಿಣವನ್ನು ಕಾಯುವ ಗುಣವುಂಟು, ಆದುದರಿಂದ ಸ್ತಂಭದ ಮೈಯಲ್ಲಿ ರಂಜಕವನ್ನು ಹುಡುಕುವುದು ಸಾರ್ಥಕ. ಹುಡುಕಿದವರು ಕಾನ್ಪುರದ ಐ.ಐ.ಟಿ.ಯ ಬಾಲಸುಬ್ರಮಣ್ಯಂ ಮತ್ತು ಅವರ ಸಹೋದ್ಯೋಗಿಗಳು. ಲೋಹಕ್ಕೂ ತುಕ್ಕಿಗೂ ನಡುವೆ ರಂಜಕ ಸಂಚಯವಾಗಿ, ನೆನೆದು ಒಣಗುವ ಆವರ್ತನೆಯಲ್ಲಿ ಫಾಸ್ಫೇಟಿನ ಪದರವಾಗಿ ಪರಿಣಮಿಸಿ ಲೋಹವನ್ನು ಕಾಯುತ್ತಿದೆಯೆಂದು ಅವರು ೨೦೦೦ದಲ್ಲಿ ಪ್ರತಿಪಾದಿಸಿದರು.

೫. ಸ್ಥಳದ ಲೆಕ್ಕ

ಸಂಯೋಜನೆಯನ್ನು ಸ್ಥಿರವಾಗಿಟ್ಟು ಸ್ಥಳವನ್ನು ಬದಲಿಸುತ್ತ ಹೋದರೆ ಹವೆಯ ಪಾಲು ತಿಳಿಯುತ್ತದೆ. ೧೯೮೬ರಲ್ಲಿ ಆರಂಭವಾದ ಒಂದು ಅಂತರರಾಷ್ಟ್ರೀಯ ಯೋಜನೆಯಲ್ಲಿ ೧೪ ದೇಶಗಳ ಸುಮಾರು ೫೦ ಸ್ಥಳಗಳಲ್ಲಿ ಉಕ್ಕು, ಸತು, ತಾಮ್ರ, ಅಲ್ಯೂಮಿನಿಯಂ ಈ ನಾಲ್ಕನ್ನು ಒಂದೇ ಕ್ರಮದಿಂದ ಒಡ್ಡಲಾಯಿತು. ಇಂಥ ಯೋಜನೆಗಳ ಅಂಕಿಗಳಿಂದ ೨೦೧೨ರ ಅಂತರರಾಷ್ಟ್ರೀಯ ಮಾನಕದ ಸಮೀಕರಣಗಳು ಸಿದ್ಧವಾದವು. ಸಾಮಾನ್ಯ ಉಕ್ಕಿನ ಸಮೀಕರಣಕ್ಕೆ ಆಧಾರ ೧೨೮ ಅಳತೆಗಳು. ಗಂಧಕದ ಡೈಆಕ್ಸೈಡು, ಉಪ್ಪಿನ ಕ್ಲೋರೈಡು, ಸಾಪೇಕ್ಷ ಆರ್ದ್ರತೆ, ಉಷ್ಣತೆ ಈ ನಾಲ್ಕರಿಂದಲೇ ಮೊದಲ ವರ್ಷದ ಸವೆತದಲ್ಲಿ ಕಾಣುವ ವ್ಯತ್ಯಾಸದ ನೂರಕ್ಕೆ ೮೫ ಪಾಲನ್ನು ಅದು ವಿವರಿಸುತ್ತದೆ. ಉಳಿದ ೧೫ ಪಾಲು ಗಾಳಿಯ ದಿಕ್ಕು, ಧೂಳು, ಮಳೆಯ ರೀತಿ, ಅಳತೆಯ ದೋಷ ಮೊದಲಾದುವುಗಳ ಪಾಲಿನದೆಂದು ತಿಳಿಯಬೇಕು.

ಈ ಸಮೀಕರಣದಲ್ಲಿ ಉಷ್ಣದೇಶದವರಾದ ನಮಗೆ ಕುತೂಹಲ ಹುಟ್ಟಿಸುವ ಒಂದು ಅಂಶವಿದೆ. ಬಿಸಿ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆ ಚುರುಕಾಗುವುದರಿಂದ ತುಕ್ಕೂ ಹೆಚ್ಚಬೇಕೆಂದು ತೋರುತ್ತದೆ. ಆದರೆ ಗಂಧಕಕ್ಕೆ ಸಂಬಂಧಿಸಿದ ಪದದಲ್ಲಿ ಉಷ್ಣತೆ ೧೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಸವೆತ ಇಳಿಯುತ್ತದೆ; ಬಿಸಿಲಿಗೆ ಲೋಹದ ಮೈ ಬೇಗ ಆರುವುದೇ ಇದಕ್ಕೆ ಕಾರಣ. ಕ್ಲೋರೈಡಿಗೆ ಸಂಬಂಧಿಸಿದ ಪದದಲ್ಲಿ ಉಷ್ಣತೆಯೊಡನೆ ಸವೆತ ಏರುತ್ತದೆ. ಬಿಸಿಲು ಒಳನಾಡಿನ ಕಬ್ಬಿಣಕ್ಕೆ ಮಿತ್ರ, ಕರಾವಳಿಯ ಕಬ್ಬಿಣಕ್ಕೆ ಶತ್ರು ಎಂದು ಸ್ಥೂಲವಾಗಿ ಹೇಳಬಹುದು. ಅದೇ ಮಾನಕದ ವರ್ಗೀಕರಣದಲ್ಲಿ ಸೌಮ್ಯವಾದ ಎರಡನೆಯ ವರ್ಗದ ಸ್ಥಳದಲ್ಲಿ ಉಕ್ಕು ಮೊದಲ ವರ್ಷ ೧.೩ರಿಂದ ೨೫ ಮೈಕ್ರಾನಿನವರೆಗೆ ಸವೆದರೆ, ಐದನೆಯ ವರ್ಗದಲ್ಲಿ ೮೦ರಿಂದ ೨೦೦ ಮೈಕ್ರಾನು ಸವೆಯುತ್ತದೆ.

ಹವೆಯ ಪಕ್ಷದವರ ವಾದಕ್ಕೂ ಬಲವಾದ ಆಧಾರವಿದೆ. ಹಡ್ಸನ್ ಎಂಬ ವಿಜ್ಞಾನಿ ದೆಹಲಿಯ ಸ್ತಂಭದ ಸಮೀಪದಲ್ಲಿಯೇ ಉಕ್ಕು ಮತ್ತು ಸತುವಿನ ಮಾದರಿಗಳನ್ನು ಒಡ್ಡಿ, ಅಲ್ಲಿನ ಹವೆ ಲೋಹಕ್ಕೆ ಬಹಳ ಸೌಮ್ಯವಾದುದೆಂದು ೧೯೫೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಮಾಡಿದರು. ಆದರೆ ಈ ಅಂಕಿ ಇಪ್ಪತ್ತನೆಯ ಶತಮಾನದ ದೆಹಲಿಯದು. ಶಾಸನವೇ ಹೇಳುವಂತೆ ಸ್ತಂಭವನ್ನು ನಿಲ್ಲಿಸಿದ್ದು ವಿಷ್ಣುಪದವೆಂಬ ಗಿರಿಯ ಮೇಲೆ. ಅದು ಬೇರೆಡೆಯಿಂದ ದೆಹಲಿಗೆ ಬಂದುದೆಂಬುದು ಬಹುಮಂದಿಯ ಅಭಿಪ್ರಾಯ, ಮಧ್ಯಪ್ರದೇಶದ ಉದಯಗಿರಿಯೇ ಆ ಗಿರಿಯೆಂಬ ಪ್ರತಿಪಾದನೆಯೂ ಇದೆ. ಸ್ತಂಭ ಎಷ್ಟು ಶತಮಾನ ಎಲ್ಲಿತ್ತು, ಎಷ್ಟು ಭಾಗ ನೆಲದಲ್ಲಿ ಹುಗಿದಿತ್ತು ಎಂಬುದನ್ನು ಯಾವ ಸಮೀಕರಣವೂ ಹೇಳಲಾರದು. ಅದನ್ನು ಹೇಳಬೇಕಾದವನು ಇತಿಹಾಸಕಾರ. ಲೋಹಕ್ಷಯದ ಲೆಕ್ಕಕ್ಕೆ ಇತಿಹಾಸವು ಅಲಂಕಾರವಾಗಿ ಸೇರುವುದಿಲ್ಲ, ಅಂಕಿಯಾಗಿಯೇ ಸೇರುತ್ತದೆ.

ಹವೆಯೊಂದೇ ಕಾರಣವೆಂಬ ವಾದವನ್ನು ಪರೀಕ್ಷಿಸಲು ಒದ್ದೆ ನಾಡಿನ ನಿದರ್ಶನ ಬೇಕು. ಅಂಥದೊಂದು ನಮ್ಮಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕಾ ದೇವಾಲಯದ ಬಳಿ ನಿಂತಿರುವ ಕಬ್ಬಿಣದ ಕಂಬವನ್ನು ಕುರಿತು ಲೋಹವಿಜ್ಞಾನಿ ಅನಂತರಾಮನ್ ಅವರು ೧೯೯೯ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದು ವಿದ್ವಾಂಸರ ಗಮನ ಸೆಳೆದರು. ಪಶ್ಚಿಮಘಟ್ಟದ ಮುಂಗಾರಿನ ಹೊಡೆತವನ್ನು ನೇರವಾಗಿ ಎದುರಿಸುವ ಆ ಬೆಟ್ಟದಲ್ಲಿ, ತಿಂಗಳುಗಟ್ಟಲೆ ಮಂಜು ಮಳೆಗಳ ನಡುವೆ ಆ ಕಂಬ ಉಳಿದು ನಿಂತಿದೆ. ದೆಹಲಿಯ ಒಣಹವೆಯ ವಾದ ಇಲ್ಲಿ ನಡೆಯದು. ಆದರೂ ಇದರಿಂದ ಲೋಹದ ಪಕ್ಷ ಗೆದ್ದಿತೆಂದು ಒಡನೆಯೇ ಹೇಳಬಾರದು. ಎಡೆಬಿಡದ ಮಳೆ ಮೈಯನ್ನು ತೊಳೆದು ಉಪ್ಪು ನಿಲ್ಲದಂತೆ ಮಾಡುವುದೂ ಉಂಟು. ಆ ಕಂಬದ ಪಕ್ಕದಲ್ಲಿ ಇಂದಿನ ಉಕ್ಕಿನ ತಗಡುಗಳನ್ನು ಕೆಲವು ವರ್ಷ ಇಟ್ಟು ನೋ��ದೆ ನಿರ್ಣಯ ಸಾಧ್ಯವಿಲ್ಲ.

೬. ಸರಾಸರಿಯ ಮಿತಿ

ಇದುವರೆಗಿನ ಅಂಕಿಗಳೆಲ್ಲ ಸರಾಸರಿಯವು. ಮೈಯೆಲ್ಲ ಸಮನಾಗಿ ಸವೆಯುವುದೆಂಬ ಭಾವನೆಯಿಂದ ಲೆಕ್ಕಹಾಕಿದವು. ಆದರೆ ಕೊಳವೆಯಲ್ಲಿ ಒಂದೇ ತೂತು ಬಿದ್ದರೂ ನೀರು ಸೋರುತ್ತದೆ. ಉಳಿದ ಮೈ ಎಷ್ಟು ಗಟ್ಟಿಯಾಗಿದ್ದರೇನು? ಲೋಹದ ಮೈಯಲ್ಲಿ ಅಲ್ಲಲ್ಲಿ ಬೀಳುವ ಕುಳಿಗಳಿಗೆ ಬೇರೆಯೇ ಲೆಕ್ಕ ಬೇಕು.

೧೯೩೫ರಲ್ಲಿ ಕೇಂಬ್ರಿಜಿನ ಮಿಯರ್ಸ್ ಮತ್ತು ಇವಾನ್ಸ್ ಎಂಬುವರು ಕಬ್ಬಿಣದ ಮೇಲೆ ನೀರಿನ ಹನಿಗಳನ್ನು ಇಟ್ಟು, ಎಷ್ಟು ಹನಿಗಳ ಕೆಳಗೆ ತುಕ್ಕು ತೊಡಗಿತೆಂದು ಎಣಿಸಿದರು. ತುಕ್ಕು ತೊಡಗುವ ಸಂಭಾವ್ಯತೆ ಒಂದು, ತೊಡಗಿದ ಮೇಲೆ ಅದು ಬೆಳೆಯುವ ವೇಗ ಇನ್ನೊಂದು ಎಂಬುದನ್ನು ಅವರು ಬೇರ್ಪಡಿಸಿ ತೋರಿಸಿದರು. ಆಮ್ಲಜನಕ ಹೆಚ್ಚಿದರೆ ತುಕ್ಕು ತೊಡಗುವ ಸಂಭವ ಕಡಮೆಯಾಗುತ್ತದೆ, ಆದರೆ ತೊಡಗಿದ ಕಡೆ ವೇಗ ಹೆಚ್ಚುತ್ತದೆ. ಎರಡನ್ನೂ ಕಲಸಿ ಸರಾಸರಿ ತೆಗೆದಿದ್ದರೆ ಈ ಸಂಗತಿ ಮರೆಯಾಗುತ್ತಿತ್ತು. ೧೯೫೬ರಲ್ಲಿ ಅಜೀಜ್ ಎಂಬುವರು ಅಲ್ಯೂಮಿನಿಯಂ ಮಿಶ್ರಲೋಹಗಳ ಕುಳಿಗಳಿಗೆ ಗುಂಬೆಲ್ ಎಂಬ ಗಣಿತಜ್ಞರ ಪರಮಾವಧಿ ಸಂಖ್ಯೆಗಳ ಸಿದ್ಧಾಂತವನ್ನು ಅನ್ವಯಿಸಿದರು. ನದಿಯ ಪ್ರತಿ ವರ್ಷದ ಅತ್ಯಧಿಕ ನೆರೆಯನ್ನು ಲೆಕ್ಕಹಾಕಲು ಬಳಸುವ ಸಿದ್ಧಾಂತವೇ ಇದು. ಪ್ರತಿ ತಗಡಿನ ಅತ್ಯಂತ ಆಳದ ಕುಳಿಯನ್ನು ಮಾತ್ರ ಅಳೆದು ಕ್ರಮವಾಗಿ ಜೋಡಿಸಿದರೆ, ಇನ್ನೂ ದೊಡ್ಡ ಮೈಯಲ್ಲಿ ಎಷ್ಟು ಆಳದ ಕುಳಿಯನ್ನು ನಿರೀಕ್ಷಿಸಬೇಕೆಂದು ಹೇಳಬಹುದು. ಮೈ ವಿಸ್ತಾರವಾದಷ್ಟೂ ಅದರ ಅತ್ಯಂತ ಆಳದ ಕುಳಿ ಹೆಚ್ಚು ಆಳವಾಗಿರುವುದು ಸಹಜ. ಅಂಗೈಯಗಲದ ತಗಡಿನಿಂದ ಮೈಲಿಗಟ್ಟಲೆ ಕೊಳವೆಯ ಆಯುಷ್ಯವನ್ನು ನೇರವಾಗಿ ಹೇಳಲಾಗದುದಕ್ಕೆ ಇದೇ ಕಾರಣ.

ಮಣ್ಣಿನೊಳಗೆ ಈ ವೈಷಮ್ಯ ಇನ್ನೂ ಹೆಚ್ಚು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ೧೯೫೭ರಲ್ಲಿ ಪ್ರಕಟಿಸಿದ ರೊಮನಾಫರ ವರದಿಯಲ್ಲಿ ೧೨೮ ಸ್ಥಳಗಳಲ್ಲಿ ಹುಗಿದಿಟ್ಟ ೩೬,೫೦೦ಕ್ಕೂ ಮಿಕ್ಕ ಮಾದರಿಗಳ ಅಂಕಿಗಳಿವೆ. ಮಣ್ಣಿನಲ್ಲಿ ಗಾಳಿ ಆಡುವಿಕೆ, ನೀರು ಬಸಿಯುವಿಕೆ, ಕರಗಿದ ಲವಣ ಇವುಗಳಿಗೆ ಅನುಸಾರವಾಗಿ ಸವೆತ ಬಹಳ ಬದಲಾಗುತ್ತದೆಂಬುದು ಅದರ ಮುಖ್ಯ ಫಲಿತಾಂಶಗಳಲ್ಲೊಂದು. ದೆಹಲಿಯ ಸ್ತಂಭವೂ ಈ ನಿಯಮಕ್ಕೆ ಹೊರತಲ್ಲ. ೧೯೬೧ರಲ್ಲಿ ಪುರಾತತ್ತ್ವ ಇಲಾಖೆಯವರು ಅದರ ಬುಡವನ್ನು ಅಗೆದು ನೋಡಿದಾಗ, ಹುಗಿದ ಭಾಗದ ಸುತ್ತ ಸೀಸದ ಹಾಳೆ ಇದ್ದಿತು. ಅದರೊಳಗೆ ಕಬ್ಬಿಣ ದಪ್ಪವಾಗಿ ತುಕ್ಕು ಹಿಡಿದು, ಅಲ್ಲಲ್ಲಿ ಆಳವಾದ ಕುಳಿಗಳು ಬಿದ್ದಿದ್ದುವು. ಒಂದೇ ಕಮ್ಮಾರರ ಕೈಯಿಂದ ಬಂದ ಒಂದೇ ಕಂಬ; ಮೇಲೆ ಅಕ್ಷರ ಓದುವಂತಿದೆ, ಕೆಳಗೆ ಕುಳಿ ಬಿದ್ದಿದೆ. ‘ಸ್ತಂಭಕ್ಕೆ ತುಕ್ಕು ಹಿಡಿದಿಲ್ಲ’ ಎಂಬ ಮಾತು ಆ ಸ್ತಂಭದ ವಿಷಯದಲ್ಲಿಯೇ ಪೂರ್ತಿ ಸತ್ಯವಲ್ಲ.

೭. ಇತಿಹಾಸಕಾರನಿಗೆ ಇದರಿಂದ ಏನು?

ಉಳಿದ ವಸ್ತುಗಳನ್ನು ಮಾತ್ರ ನಾವು ನೋಡುತ್ತೇವೆ. ಅಳಿದವು ಸಾಕ್ಷಿ ಹೇಳಲು ಬರುವುದಿಲ್ಲ. ದೆಹಲಿಯ ಸ್ತಂಭ, ಮಾಳವದ ಧಾರಾನಗರದಲ್ಲಿ ತುಂಡಾಗಿ ಬಿದ್ದಿರುವ ಸ್ತಂಭ, ಕೋನಾರ್ಕದ ಕಬ್ಬಿಣದ ತೊಲೆಗಳು, ಕೊಡಚಾದ್ರಿಯ ಕಂಬ, ಇವನ್ನು ಸಾಲಾಗಿ ಹೆಸರಿಸಿ ‘ಪ್ರಾಚೀನ ಭಾರತದ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿರಲಿಲ್ಲ’ ಎಂದು ಹೇಳಿದರೆ, ಗೆದ್ದವರನ್ನು ಮಾತ್ರ ಎಣಿಸಿ ಆಟದಲ್ಲಿ ಸೋಲೇ ಇಲ್ಲವೆಂದು ಹೇಳಿದಂತಾಗುತ್ತದೆ. ವೀಲರ್ ೧೯೪೭ರಲ್ಲಿ ಅಗೆಸಿದ ಬ್ರಹ್ಮಗಿರಿಯ ಬೃಹತ್ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಆಯುಧ ಉಪಕರಣಗಳು ದೊರೆತಿವೆ. ಇಂಥ ನೆಲೆಗಳ ಕಬ್ಬಿಣ ಸಾಮಾನ್ಯವಾಗಿ ತುಕ್ಕಿನ ಹೆಂಟೆಯಾಗಿಯೇ ಹೊರಬರುತ್ತದೆಂಬುದು ಅಗೆತದ ಅನುಭವವುಳ್ಳವರೆಲ್ಲರಿಗೂ ಗೊತ್ತು. ಅವುಗಳನ್ನು ತಯಾರಿಸಿದವರೂ ಕುಶಲಿಗಳೇ. ಆ ಹೆಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವವರೆಗೆ ನಮ್ಮ ಲೆಕ್ಕ ಲೆಕ್ಕವಲ್ಲ.

ಇದರಿಂದ ಗುಪ್ತರ ಕಾಲದ ಕಮ್ಮಾರರ ಕೀರ್ತಿಗೆ ಕುಂದಿಲ್ಲ. ೬ ಟನ್ನಿನ ಕಬ್ಬಿಣವನ್ನು ಕಾಸಿ ಬಡಿದು ಒಂದೇ ಕಂಬವಾಗಿ ಬೆಸೆದ ಸಾಹಸಕ್ಕೆ ಸಂಖ್ಯಾಶಾಸ್ತ್ರದ ಶಿಫಾರಸು ಬೇಕಾಗಿಲ್ಲ. ಆದರೆ ತುಕ್ಕು ತಡೆಯಲೆಂದೇ ಅವರು ರಂಜಕವನ್ನು ಉಳಿಸಿಕೊಂಡರೆಂದು ಹೇಳಬೇಕಾದರೆ, ಆ ಕಾಲದ ಹಲವು ಕಬ್ಬಿಣದ ವಸ್ತುಗಳನ್ನು ವಿಶ್ಲೇಷಿಸಿ, ಬಯಲಿನಲ್ಲಿ ನಿಲ್ಲಿಸಲು ಮಾಡಿದವುಗಳಲ್ಲಿ ರಂಜಕ ಹೆಚ್ಚು, ಇತರ ವಸ್ತುಗಳಲ್ಲಿ ಕಡಮೆ ಎಂದು ತೋರಿಸಬೇಕು. ಅಂಥ ಅಂತರ ಕಂಡರೆ ಅದು ಉದ್ದೇಶಕ್ಕೆ ಸಾಕ್ಷ್ಯ. ಕಾಣದಿದ್ದರೆ ಸ್ತಂಭದ ಬಾಳಿಕೆ ಕುಲುಮೆಯ ರೂಢಿಯಿಂದ ಒದಗಿದ ಭಾಗ್ಯವೆಂದು ತಿಳಿಯಬೇಕು.

ಇದಕ್ಕಾಗಿ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಮೊದಲನೆಯದಾಗಿ, ಅಗೆತದಲ್ಲಿ ದೊರೆತ ಪ್ರತಿಯೊಂದು ಲೋಹವಸ್ತುವಿನೊಡನೆ ಅದು ಇದ್ದ ಮಣ್ಣಿನ ಬಗೆ, ಆಳ, ತೇವ, ಪಕ್ಕದಲ್ಲಿದ್ದ ಬೂದಿ ಮೂಳೆಗಳ ವಿವರವನ್ನು ದಾಖಲೆಮಾಡಬೇಕು. ಆಕಾರ ಉಳಿಯದ ತುಕ್ಕಿನ ಹೆಂಟೆಯನ್ನೂ ತೂಗಿ ನಮೂದಿಸಬೇಕು. ಎರಡನೆಯದಾಗಿ, ಸ್ಮಾರಕಗಳ ಕಬ್ಬಿಣವನ್ನು ಶುಚಿಮಾಡುವ ಉತ್ಸಾಹದಲ್ಲಿ ಅದರ ತುಕ್ಕಿನ ಪದರವನ್ನು ಉಜ್ಜಿ ತೆಗೆಯಬಾರದು. ಲೋಹವನ್ನು ಕಾಯುವ ಕವಚವೂ ಅದರ ಚರಿತ್ರೆಯನ್ನು ಹೇಳುವ ದಾಖಲೆಯೂ ಆ ಪದರವೇ ಆಗಿರಬಹುದು. ಮೂರನೆಯದಾಗಿ, ಕೊಡಚಾದ್ರಿಯಂಥ ನೆಲೆಗಳಲ್ಲಿ ಉಕ್ಕು ಮತ್ತು ಸತುವಿನ ತಗಡುಗಳನ್ನು ಇಟ್ಟು ವರ್ಷ ವರ್ಷವೂ ತೂಗುವ ಏರ್ಪಾಡು ಆಗಬೇಕು. ಇದಕ್ಕೆ ಬೇಕಾದುದು ಸೂಕ್ಷ್ಮವಾದ ಒಂದು ತಕ್ಕಡಿ, ರಸಾಯನಶಾಸ್ತ್ರ ವಿಭಾಗದ ನೆರವು ಮತ್ತು ಹತ್ತು ವರ್ಷಗಳ ತಾಳ್ಮೆ, ವೆಚ್ಚವೇನೂ ದೊಡ್ಡದಲ್ಲ.

ದೆಹಲಿಯ ಸ್ತಂಭವನ್ನು ಕುರಿತ ಎರಡನೆಯ ಮಾತನ್ನು, ಇಂದು ತಿಳಿದಿರುವಷ್ಟರ ಮಟ್ಟಿಗೆ, ಹೀಗೆ ತಿದ್ದಿ ಬರೆಯಬಹುದೆಂದು ನಮ್ಮ ಅಭಿಪ್ರಾಯ: ರಂಜಕ ಹೆಚ್ಚಾಗಿರುವ ಈ ಕಬ್ಬಿಣ, ನೆನೆದು ಬೇಗ ಆರುವ ಹವೆಯಲ್ಲಿ ತನ್ನ ಮೈಮೇಲೆ ತಾನೇ ಒಂದು ರಕ್ಷಕ ಪದರವನ್ನು ಬೆಳೆಸಿಕೊಂಡು, ನೆಲದ ಮೇಲಿನ ಭಾಗದಲ್ಲಿ ಬಹಳ ನಿಧಾನವಾಗಿ ಸವೆದಿದೆ, ನೆಲದೊಳಗಿನ ಭಾಗದಲ್ಲಿ ಬೇಗ ಸವೆದಿದೆ. ಮೊದಲಿನದಕ್ಕಿಂತ ಈ ವಾಕ್ಯ ಉದ್ದವಾಯಿತೆಂಬುದು ನಿಜ. ಆದರೆ ಇದರಲ್ಲಿ ಲೋಹ, ಹವೆ, ಸ್ಥಳ, ಕಾಲ ನಾಲ್ಕಕ್ಕೂ ಅವುಗಳ ಪಾಲು ಸಂದಿದೆ. ಮುಂದೆ ದೊರೆಯುವ ಅಂಕಿಗಳಿಂದ ಇದರ ಯಾವ ಭಾಗವನ್ನು ಬೇಕಾದರೂ ಪರೀಕ್ಷಿಸಿ ತಿದ್ದಲು ಎಡೆಯಿದೆ.